ಗೋಲ್ಡನ್ ಹಾರ್ಬರಿನ ಮೈಗ್ರೇಷನ್ ಸರ್ಟಿಫಿಕೇಟು

ನಮ್ಮ ಯಜಮಾನರು ಒಂದೇ ಒಂದು ಸಲ ಮುಗುಳ್ನಕ್ಕಿದ್ದಕ್ಕೆ ನನ್ನ ಹೆಸರಿನಲ್ಲಿ ಮೂವತ್ತೆಂಟು ಸಾವಿರ ಡಾಲರ್ ಸಾಲವಾಯಿತು. ಇದನ್ನು ಕೋಪದಿಂದ ಹೇಳುತ್ತಿಲ್ಲ. ನಡೆದದ್ದೇ ಹಾಗೆ.

ಅದು 2021ರ ಗಣೇಶನ ಹಬ್ಬ. ಕೋವಿಡ್ ಕಾರಣಕ್ಕೆ ಹಾಲ್ ಸಿಗದೆ, ಅಮೆರಿಕದಲ್ಲಿ ನಾವಿರುವ ಬಡಾವಣೆ ರ್ಯಾಂಚೊ ಪೆನಾಸ್ಕಿಟೋಸಿನ ಪಾರ್ಕಿನಲ್ಲಿ ಮಡಿಸುವ ಮೇಜಿನ ಮೇಲೆ ಗಣಪತಿಯನ್ನು ಕೂರಿಸಿದ್ದೆವು. ಪಕ್ಕದ ಮನೆಯ ಕಲಾವತಿ ಮಾಸ್ಕನ್ನು ಗಲ್ಲಕ್ಕಿಳಿಸಿ, ಕಡುಬು ಕಚ್ಚುತ್ತಾ, "ಕುಮುದಾ, ಈಗ ನೀವೇನ್ ಮಾಡ್ಕೊಂಡಿದೀರಾ?" ಎಂದು ಕೇಳಿದಳು.

ನಾನು ಪಿಯುಸಿ ಮುಗಿಸಿ ಮದುವೆಯಾದವಳು. ಪ್ರೈಮರಿ ಸ್ಕೂಲೊಂದರಲ್ಲಿ, ಕಲಿಯಲು ಕಷ್ಟಪಡುವ ಮಕ್ಕಳ ಕ್ಲಾಸಿನಲ್ಲಿ ಟೀಚರಿಗೆ ಸಹಾಯಕಿ. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು, ಅಂದರೆ ಚಂದ್ರಮೋಹನ್, ನಡುವೆ ಬಂದರು.

"ಅವಳು ಡಿಗ್ರಿ ಮಾಡ್ತಿದಾಳೆ. ಲಾಸ್ ಏಂಜಲೀಸ್ ಯೂನಿವರ್ಸಿಟೀಲಿ."

"ಅಯ್ಯೋ! ಆ ದೊಡ್ಡದರಲ್ಲಾ? ಯಾವತ್ತೂ ಹೇಳೇ ಇಲ್ವಲ್ರೀ!"

ಅವರು ನಕ್ಕಿದ್ದು ಆಗ. ಹೌದು ಎನ್ನುವ ನಗುವಲ್ಲ, ಅಲ್ಲ ಎನ್ನುವ ನಗುವೂ ಅಲ್ಲ. ನಮ್ಮ ದೇವರ ಫೋಟೋಗಳಲ್ಲಿ ಮಾತ್ರ ಕಾಣುವಂಥದ್ದು.

ಕಾರಿನಲ್ಲಿ ಕೂತ ಮೇಲೆ, "ಯಾಕ್ರೀ ಸುಳ್ಳು ಹೇಳಿದ್ರಿ?" ಎಂದೆ.

"ಸುಳ್ಳಲ್ಲ ಕಣೆ. ಇನ್ನೂ ಆಗದೇ ಇರೋ ನಿಜ. ಮುಂದಿನ ವಾರ ಸೇರಿಸಿಬಿಡ್ತೀನಿ."

ಅನ್ನದ ಕುಕ್ಕರ್ ಕೊಳ್ಳುವ ಮುಂಚೆ ನಾನೂರು ರಿವ್ಯೂ ಓದುವ ಮನುಷ್ಯ ಅವರು. ಟೆಲಿಕಾಂ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಸ್ಟಿಂಗ್ ಎಂಜಿನಿಯರ್. ಆದರೆ ನನ್ನ ಯೂನಿವರ್ಸಿಟಿಯನ್ನು ಅವರು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಆರಿಸಿದರು. ಹೆಸರು ಗೋಲ್ಡನ್ ಹಾರ್ಬರ್ ಯೂನಿವರ್ಸಿಟಿ. ಇದ್ದದ್ದು ಚಾಟ್ಸ್‌ವರ್ತ್‌ನಲ್ಲಿ. ಅಲ್ಲಿ ಬಂದರೂ ಇಲ್ಲ, ಬಂದರಿಗೆ ಬೇಕಾದ ಸಮುದ್ರವೂ ಇಲ್ಲ. ಆದರೆ ಚಾಟ್ಸ್‌ವರ್ತ್ ಲಾಸ್ ಏಂಜಲೀಸ್ ಊರೊಳಗೇ ಬರುತ್ತದೆಂದು ಅವರು ಮ್ಯಾಪ್ ತೆರೆದು ತೋರಿಸಿದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಅಲ್ಲಿನ ಸಲಹೆಗಾರನ ಹೆಸರು ಬ್ರ್ಯಾಂಡನ್. ಮೊದಲ ದಿನವೇ ಹನ್ನೊಂದು ಸಲ ಫೋನ್ ಮಾಡಿದ. ಮೂರನೇ ಫೋನಿಗೆ ನಮ್ಮವರು ಅವನಿಗೆ "ಬ್ರದರ್" ಆಗಿದ್ದರು.

"ಮೇಡಮ್, ನಿಮ್ಮ ಕನಸೇನು?" ಎಂದು ಕೇಳಿದ.

"ಈಗ ಮಕ್ಕಳ ಮೂಗು ಒರೆಸ್ತಿರೋ ಕ್ಲಾಸಲ್ಲೇ ಟೀಚರಾಗಬೇಕು," ಎಂದೆ.

"ಅದ್ಭುತ! ಸರಿಯಾಗಿ ಅದೇ ಕೋರ್ಸ್ ನಮ್ಮಲ್ಲಿದೆ!"

ವಿಮಾನ ಓಡಿಸಬೇಕು ಎಂದಿದ್ದರೂ ಸರಿಯಾಗಿ ಅದೇ ಇರುತ್ತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು.

ಒಂದು ವಿಷಯ ಪಾಸಾದರೆ ಮೂರು ಕ್ರೆಡಿಟ್. ಅಂಥ ನೂರಿಪ್ಪತ್ತು ಕ್ರೆಡಿಟ್ ಸೇರಿದರೆ ಡಿಗ್ರಿ. ಫೀಸಿಗೆ ಸರ್ಕಾರಿ ಸಾಲ. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: "ಈ ಕ್ರೆಡಿಟ್ ಬೇರೆ ಕಡೆ ಟ್ರಾನ್ಸ್‌ಫರ್ ಆಗ್ತವಾ?"

"ಆಗಬಾರದು ಅಂತ ಯಾವ ಕಾನೂನೂ ಇಲ್ಲ ಮೇಡಮ್," ಎಂದ ಬ್ರ್ಯಾಂಡನ್.

ನಮ್ಮವರು ಮೆಚ್ಚಿ ತಲೆಯಾಡಿಸಿದರು. "ನೋಡು, ಎಷ್ಟು ನೇರವಾಗಿ ಮಾತಾಡ್ತಾನೆ."

ಕೆಲಸದಿಂದ ಬಂದು, ಅಡುಗೆ ಮುಗಿಸಿ, ಮೂರು ವರ್ಷ ಓದಿದೆ. 'ಯಶಸ್ಸಿನ ಸೂತ್ರಗಳು' ಭಾಗ ಒಂದು, ಭಾಗ ಎರಡು, 'ಸಮಯ ಪಾಲನೆ', ಮತ್ತೆ 'ಯಶಸ್ಸಿನ ಸೂತ್ರಗಳು' ಭಾಗ ಮೂರು. ಹೀಗೆ ಐವತ್ತನಾಲ್ಕು ಕ್ರೆಡಿಟ್ ಆದವು.

2024ರ ಜೂನ್ ತಿಂಗಳಲ್ಲಿ ನಮ್ಮ ಸ್ಕೂಲಿನ ಪ್ರಿನ್ಸಿಪಾಲ್ ನನ್ನನ್ನು ಕರೆದರು. "ಕುಮುದಾ, ನೀನಿರೋ ಆರನೇ ರೂಮಿನ ಟೀಚರ್ ಇನ್ನು ನಾಲ್ಕು ವರ್ಷಕ್ಕೆ ರಿಟೈರ್ ಆಗ್ತಾರೆ. ಆ ಮಕ್ಕಳಿಗೆ ನೀನು ಬೇಕು. ಯಾವ ಯೂನಿವರ್ಸಿಟೀಲಿ ಓದ್ತಿದೀಯ?"

ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅಲ್ಲಿನ ಡಿಗ್ರಿ ಇಟ್ಕೊಂಡು ಟೀಚರ್ ಲೈಸೆನ್ಸಿಗೆ ಹೋಗೋಕೆ ಆಗಲ್ಲಮ್ಮ. ಬೇಗ ಸರ್ಕಾರಿ ಯೂನಿವರ್ಸಿಟಿಗೆ ಬದಲಾಯಿಸ್ಕೋ. ಇಲ್ಲದಿದ್ರೆ ಆ ಕೆಲಸ ಬೇರೆಯವರಿಗೆ ಹೋಗುತ್ತೆ."

ಮನೆಗೆ ಬಂದು ಇದನ್ನು ಹೇಳಿದಾಗ ನಮ್ಮ ಭಾವ ಅಣ್ಣಾಸಾಹೇಬರು ಸೋಫಾದಲ್ಲಿ ಕೂತಿದ್ದರು. ಅವರು ಧಾರವಾಡದ ಕಡೆ ಒಂದು ಯೂನಿವರ್ಸಿಟಿಯ ಪರೀಕ್ಷಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಆರು ತಿಂಗಳ ವೀಸಾದ ಮೇಲೆ ತಮ್ಮನ ಮನೆಗೆ ಬಂದು, ಯಾರೊಬ್ಬರೂ ಒಂದು ಸಹಿ ಸಹ ಕೇಳಲು ಬಾರದೆ ಸೊರಗಿದ್ದರು. ನನ್ನ ಸುದ್ದಿ ಕೇಳಿದ್ದೇ ತಡ, ಅವರ ಮುಖಕ್ಕೆ ರಕ್ತ ಬಂತು.

"ಚಂದ್ರಾ, ಮೈಗ್ರೇಷನ್ ಸರ್ಟಿಫಿಕೇಟ್ ತಗೊಂಡಿಯೇನು?"

"ಇಲ್ಲಣ್ಣಾ, ಇಲ್ಲಿ ಅದೆಲ್ಲಾ..."

"ಮತ್ತ ಹೆಂಗ ಬಿಟ್ಕೋತಾರೋ? ಒಂದ್ ಯುನಿವರ್ಸಿಟಿ ಬಿಟ್ಟು ಇನ್ನೊಂದಕ್ಕ ಹೋಗಬೇಕಂದ್ರ ಮೈಗ್ರೇಷನ್ ಬೇಕೋ ಬ್ಯಾಡೋ? ಟಿ.ಸಿ. ಬೇಕೋ ಬ್ಯಾಡೋ? ಕ್ಯಾರೆಕ್ಟರ್ ಸರ್ಟಿಫಿಕೇಟ್? ಹುಡುಗಿ ನಡತಿ ಹೆಂಗದ ಅಂತ ಅವರಿಗೆ ತಿಳೀಬೇಕೋ ಬ್ಯಾಡೋ?"

ಹುಡುಗಿ ಎಂದರೆ ನಾನು. ನನಗಾಗ ನಲವತ್ತೇಳು.

ಮಗಳು ರಕ್ಷಿತಾ ಫೋನಿನಿಂದ ತಲೆಯೆತ್ತದೆ, "ಡ್ಯಾಡ್, ದಟ್ಸ್ ನಾಟ್ ಎ ಥಿಂಗ್ ಹಿಯರ್. ಜಸ್ಟ್ ಸೆಂಡ್ ದ ಟ್ರಾನ್ಸ್‌ಕ್ರಿಪ್ಟ್," ಎಂದಳು.

"ಏನಂತಾಳ ಕೂಸು?"

"ಬರೇ ಮಾರ್ಕ್ಸ್ ಕಾರ್ಡ್ ಕಳಿಸಿದ್ರ ಸಾಕಂತ ಅಣ್ಣಾ."

ಭಾವ ನೋವಿನಿಂದ ನಕ್ಕರು. "ಬರೇ ಮಾರ್ಕ್ಸ್ ಕಾರ್ಡ್! ಹಂಗಿದ್ರ ನಾವು ಮೂವತ್ನಾಕು ವರ್ಷ ಅಲ್ಲಿ ಕುಂತು ಏನ್ ಮಾಡಿದ್ವಿ?"

ಈ ಪ್ರಶ್ನೆಗೆ ಉತ್ತರಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಶುಕ್ರವಾರ ಬೆಳಗ್ಗೆ ಮೂವರೂ ಚಾಟ್ಸ್‌ವರ್ತ್‌ಗೆ ಹೊರಟೆವು. ಭಾವ ಕೋಟು ತೊಟ್ಟಿದ್ದರು. ಟ್ರಾಫಿಕ್ಕಿನಲ್ಲಿ ಮೂರೂವರೆ ಗಂಟೆ ಹಿಡಿಯಿತು.

ನನ್ನ ಯೂನಿವರ್ಸಿಟಿಯನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ ಮೊದಲು. ಎಡಕ್ಕೆ ನೆಲದ ಟೈಲ್ಸಿನ ಗೋದಾಮು, ಬಲಕ್ಕೆ ಕಾರಿನ ಗಾಜು ಹಾಕುವ ಅಂಗಡಿ, ನಡುವೆ ಒಂದು ಬಾಗಿಲು. ಭಾವ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, "ಇದು ಹಿಂದಿನ ಬಾಗಲ ಇರಬೇಕು," ಎಂದರು. ಇಡೀ ಯೂನಿವರ್ಸಿಟಿಗೆ ಇದ್ದದ್ದು ಅದೊಂದೇ ಬಾಗಿಲು.

ನಮ್ಮವರು ಬೇಕಾದ ಕಾಗದಗಳನ್ನು ವಿವರಿಸಿದರು. ಬ್ರ್ಯಾಂಡನ್ ಒಂದು ನಿಮಿಷ ಗೊಂದಲದಲ್ಲಿದ್ದ. ಒಂದೇ ನಿಮಿಷ. ಒಳಗೆ ಹೋಗಿ ಯಾರನ್ನೋ ಕೇಳಿ, ಬೆಳಗಿದ ಮುಖದಲ್ಲಿ ಹೊರಗೆ ಬಂದ.

"ಖಂಡಿತ ಕೊಡ್ತೀವಿ. ಒಂದೊಂದಕ್ಕೆ ಎಪ್ಪತ್ತೈದು ಡಾಲರ್."

"ನೋಡಿದ್ಯಾ! ಇದೆ!" ಎಂದು ನಮ್ಮವರು ನನ್ನ ಕಡೆ ತಿರುಗಿದರು. ಇಲ್ಲದ ಕಾಗದಕ್ಕೆ ಬೆಲೆ ಕಟ್ಟಲು ಒಂದು ನಿಮಿಷ ಸಾಕಾದ ಜಾಗದಲ್ಲಿ ನಾನು ಮೂರು ವರ್ಷ ಓದಿದ್ದೆ ಎಂದು ಹೇಳಹೊರಟೆ. ಆದರೆ ಅಷ್ಟರಲ್ಲಿ ಕಾರ್ಯಕ್ರಮ ಶುರುವಾಗಿತ್ತು.

ಭಾವ ಕನ್ನಡದಲ್ಲಿ ಹೇಳಿದರು, ನಮ್ಮವರು ಇಂಗ್ಲಿಷ್ ಮಾಡಿದರು, ಬ್ರ್ಯಾಂಡನ್ ಟೈಪ್ ಮಾಡಿದ. ಕ್ಯಾರೆಕ್ಟರ್ ಸರ್ಟಿಫಿಕೇಟಿಗೆ ಬಂದಾಗ ಅವನ ಬೆರಳು ನಿಂತವು.

"ಇವರ ನಡತೆ ನನಗೆ ಹೇಗೆ ಗೊತ್ತಾಗಬೇಕು?"

"ನಮಗೂ ಎಂದೂ ಗೊತ್ತಿರ್ತಿರಲಿಲ್ಲ ಅಂತ ಹೇಳು," ಎಂದರು ಭಾವ. "'ಗುಡ್' ಅಂತ ಬರೀಲಿ. 'ವೆರಿ ಗುಡ್' ಬ್ಯಾಡ, ಸಂಶಯ ಬರ್ತದ."

ಪ್ರಿಂಟ್ ಆಯಿತು. ಭಾವ ಕಾಗದವನ್ನು ಬೆಳಕಿಗೆ ಹಿಡಿದರು. "ಗುಂಡು ಸೀಲೆಲ್ಲಿ?"

ಆ ಯೂನಿವರ್ಸಿಟಿಯಲ್ಲಿ ಇದ್ದದ್ದು ಒಂದೇ ಸೀಲು, 'ಪೇಯ್ಡ್' ಎಂದು. ಬ್ರ್ಯಾಂಡನ್ ಅಂಜುತ್ತಾ ಅದನ್ನೇ ತೋರಿಸಿದ. ಭಾವ ಪರೀಕ್ಷಿಸಿದರು. "ಗುಂಡಗಿಲ್ಲ. ಆದ್ರ ಕೆಂಪದ. ನಡೀತದ." ಮೂರು ಸರ್ಟಿಫಿಕೇಟಿಗೂ ಮೂರು ಮೂರು ಕಡೆ ಒತ್ತಿಸಿದರು.

ಮರುವಾರ ಗೋಲ್ಡನ್ ಹಾರ್ಬರಿನ ವೆಬ್‌ಸೈಟಿನಲ್ಲಿ ಹೊಸ ಸಾಲೊಂದು ಸೇರಿತು: 'ಅಂತಾರಾಷ್ಟ್ರೀಯ ದಾಖಲೆಗಳ ಪ್ಯಾಕೇಜ್, 299 ಡಾಲರ್.' ಅಮೆರಿಕದ ಉನ್ನತ ಶಿಕ್ಷಣಕ್ಕೆ ಅಣ್ಣಾಸಾಹೇಬರ ಕೊಡುಗೆ ಅದು.

ಜುಲೈನಲ್ಲಿ ಸರ್ಕಾರಿ ಯೂನಿವರ್ಸಿಟಿಯ ಕೌಂಟರಿನ ಮುಂದೆ ನಿಂತೆವು. ಸೀಟು ಸಿಕ್ಕಿತ್ತು, ಹಳೆಯ ಕ್ರೆಡಿಟ್ಟುಗಳ ತೀರ್ಮಾನವಷ್ಟೇ ಬಾಕಿ. ಅಲ್ಲಿನ ಅಧಿಕಾರಿ ಮಿಸ್ ವಿಟ್‌ಫೀಲ್ಡ್, ಬೆಳ್ಳಿ ಕೂದಲಿನ ಶಾಂತ ಹೆಂಗಸು. ನಮ್ಮವರು ಫೈಲನ್ನು ಎರಡು ಕೈಯಲ್ಲಿ ಒಪ್ಪಿಸಿದರು.

"'ಈ ವಿದ್ಯಾರ್ಥಿನಿ ನಮ್ಮನ್ನು ಬಿಟ್ಟು ಹೋಗಲು ನಮ್ಮ ಅಭ್ಯಂತರವಿಲ್ಲ,'" ಎಂದು ಆಕೆ ಗಟ್ಟಿಯಾಗಿ ಓದಿದರು. "ಅವರ ಅಭ್ಯಂತರ ಕೇಳಿದ್ದು ಯಾರು? ಈ ಪೇಯ್ಡ್ ಅನ್ನೋದು ಯಾತಕ್ಕೆ?"

"ನಡತೆಗೆ," ಎಂದರು ನಮ್ಮವರು.

ಆಕೆ ಫೈಲನ್ನು ಪಕ್ಕಕ್ಕಿಟ್ಟು, ಕಂಪ್ಯೂಟರಿನಲ್ಲಿ ನನ್ನ ಟ್ರಾನ್ಸ್‌ಕ್ರಿಪ್ಟ್ ನೋಡಿ, ಪರದೆಯನ್ನು ನಮ್ಮ ಕಡೆ ತಿರುಗಿಸಿದರು. "ಐವತ್ತನಾಲ್ಕರಲ್ಲಿ ನಾವು ಒಪ್ಪೋದು ಸೊನ್ನೆ."

"ಸೊನ್ನೆ ಅಂದ್ರೆ ಎಷ್ಟು?" ಎಂದು ನಮ್ಮವರು ಕೇಳಿದರು.

ಆಕೆ ತಾಳ್ಮೆಯಿಂದ ವಿವರಿಸಿದರು. ಗೋಲ್ಡನ್ ಹಾರ್ಬರಿಗೆ ಮಾನ್ಯತೆಯೇನೋ ಇದೆ, ಆದರೆ ಬೇರೆ ಥರದ್ದು. ಆ ಮಾನ್ಯತೆಗೆ ಸಾಲ ಸಿಗುತ್ತದೆ. ಆ ಮಾನ್ಯತೆಯ ಕ್ರೆಡಿಟ್ಟು ಇಲ್ಲಿಗೆ ಬರುವುದಿಲ್ಲ.

ಕುರ್ಚಿ ಎಲ್ಲಿದೆಯೆಂದು ನೋಡದೆ ನಾನು ಕೂತೆ. ಕುರ್ಚಿ ಅಲ್ಲೇ ಇತ್ತು, ಪುಣ್ಯ. ಹಿಂದಿನಿಂದ ಭಾವನ ದನಿ ಕೇಳಿಸಿತು: "ರಿವ್ಯಾಲ್ಯುಯೇಷನ್ ಹಾಕೋ ಚಂದ್ರಾ! ಹೆದರಬ್ಯಾಡ! ನಮ್ಮಲ್ಲಿ ರಿವ್ಯಾಲ್ಯುಯೇಷನ್‌ದಾಗ ಎಂಥೆಂಥವರು ಪಾಸಾಗ್ಯಾರ!"

ನಮ್ಮವರು ಹನ್ನೊಂದು ಪುಟದ ಅರ್ಜಿ ಹಾಕಿದರು. ಅದರಲ್ಲಿ ನಮ್ಮ ಮದುವೆಯ ವಿಷಯಕ್ಕೇ ಒಂದು ಪುಟವಿತ್ತು. ಸೆಪ್ಟೆಂಬರಿನಲ್ಲಿ ಉತ್ತರ ಬಂತು. 'ನಡಿಗೆ ಮತ್ತು ಆರೋಗ್ಯ' ಎಂಬ ವಿಷಯಕ್ಕೆ ಮೂರು ಕ್ರೆಡಿಟ್ ಒಪ್ಪಿದ್ದರು. ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿಕೊಂಡು ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೆಯುವ ಕೋರ್ಸ್ ಅದು.

ನಮ್ಮವರು ತಕ್ಷಣ ವಾಟ್ಸಾಪ್ ಗುಂಪಿಗೆ ಹಾಕಿದರು: 'ಕುಮುದಾಳ ಕ್ರೆಡಿಟ್ಸ್ ಸರ್ಕಾರಿ ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಯ್ತು. ದೇವರ ದಯೆ.' ಎಷ್ಟು ಎಂಬುದನ್ನು ದೇವರಿಗೇ ಬಿಟ್ಟಿದ್ದರು.

ಸಂಜೆ ಕಲಾವತಿ ಮೈಸೂರು ಪಾಕಿನ ಡಬ್ಬಿಯೊಂದಿಗೆ ಹಾಜರಾದಳು. "ನಮ್ ನಾದಿನಿಗೂ ಡಿಗ್ರಿ ಇಲ್ಲ ನೋಡಿ. ಅವಳನ್ನೂ ಅಲ್ಲಿಗೇ ಸೇರಿಸ್ತೀನಿ. ಆ ಬ್ರ್ಯಾಂಡನ್ ನಂಬರ್ ಕೊಡ್ತೀರಾ?"

ನಮ್ಮವರು ಫೋನ್ ಹೊರತೆಗೆಯುತ್ತಿದ್ದರು.

"ಕಲಾವತಿ," ಎಂದೆ ನಾನು, "ಐವತ್ನಾಲ್ಕರಲ್ಲಿ ಮೂರು ಬಂದಿದೆ. ಆ ಮೂರೂ ಪಾರ್ಕ್ ಸುತ್ತಿದ್ದಕ್ಕೆ. ಸಾಲ ಮೂವತ್ತೆಂಟು ಸಾವಿರ. ಅದು ಆ ದೊಡ್ಡ ಯೂನಿವರ್ಸಿಟಿ ಅಲ್ಲ, ಟೈಲ್ಸ್ ಗೋದಾಮಿನ ಪಕ್ಕ ಇದೆ."

ಕಲಾವತಿಯ ಕೈಯಲ್ಲಿದ್ದ ಮೈಸೂರು ಪಾಕು ಬಾಯಿಗೆ ಎರಡು ಇಂಚು ದೂರದಲ್ಲಿ ನಿಂತಿತು. "ಮೂವತ್ತೆಂಟಾ! ಅಷ್ಟರಲ್ಲಿ ನಾವು ಇಡೀ ಅಡುಗೆಮನೆ ಹೊಸದಾಗಿ ಮಾಡಿಸಿದ್ವಿ ಕಣ್ರೀ! ಗ್ರಾನೈಟು ಹಾಕ್ಸಿ!"

ಅವಳು ಹೋದ ಮೇಲೆ ನಮ್ಮವರು ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಮೆಲ್ಲಗೆ, "ಟೈಲ್ಸ್ ವಿಷಯ ಹೇಳ್ಬಾರದಾಗಿತ್ತು," ಎಂದರು.

ಸರ್ಕಾರಿ ಯೂನಿವರ್ಸಿಟಿಯ ಪಾಠ ಜನವರಿಗೆ ಶುರು. ಅಲ್ಲಿಯವರೆಗೆ ಗೋಲ್ಡನ್ ಹಾರ್ಬರಿನಲ್ಲಿ ನನ್ನ ಹೆಸರು ಉಳಿಸಿಕೊಂಡಿದ್ದೆ. ತೆಗೆಸಿದರೆ ಕೆಲವೇ ತಿಂಗಳಲ್ಲಿ ಸಾಲದ ಕಂತು ಬೆನ್ನು ಹತ್ತುತ್ತದೆಂಬ ಭಯ. ಅಕ್ಟೋಬರಿನ ಒಂದು ಮಧ್ಯಾಹ್ನ ಇಮೇಲ್ ಬಂತು: 'ಇಂದು ಸಂಜೆ ಐದು ಗಂಟೆಯಿಂದ ಯೂನಿವರ್ಸಿಟಿ ಇರುವುದಿಲ್ಲ. ನಮ್ಮೊಂದಿಗೆ ಕಲಿತಿದ್ದಕ್ಕೆ ವಂದನೆಗಳು.'

ಮೂರು ಸಲ ಓದಿದೆ. ಅಂಗಡಿ ಮುಚ್ಚುವುದನ್ನು ಕಂಡಿದ್ದೆ. ಯೂನಿವರ್ಸಿಟಿ ಸಂಜೆ ಐದಕ್ಕೆ ಮುಚ್ಚಿ ಮತ್ತೆ ತೆರೆಯುವುದೇ ಇಲ್ಲವೆಂಬುದನ್ನು ಕೇಳಿರಲಿಲ್ಲ. ನಮ್ಮವರು ಬ್ರ್ಯಾಂಡನ್‌ಗೆ ಫೋನ್ ಮಾಡಿದರು. ಅವನು ಮೊದಲ ರಿಂಗಿಗೇ ಎತ್ತಿಕೊಂಡ.

"ಬ್ರದರ್! ಸರಿಯಾದ ಸಮಯಕ್ಕೆ ಫೋನ್ ಮಾಡಿದ್ರಿ! ನಿಮ್ಮ ಮನೆ ಮೇಲೆ ಸೋಲಾರ್ ಇದೆಯಾ?"

ಭಾವ ಸೋಫಾದಲ್ಲಿ ತಲೆ ಹಿಡಿದು ಕೂತರು. "ಯುನಿವರ್ಸಿಟಿನ ಇಲ್ಲಂದ್ರ ರಿಜಿಸ್ಟರ್ ಎಲ್ಲಿ ಹೋದ್ವು? ಬೀಗದ ಕೈ ಯಾರ ಹತ್ರ ಅದ?" ಅವರ ಇಡೀ ಬದುಕಿನಲ್ಲಿ ಮುಷ್ಕರದಲ್ಲೂ ಯೂನಿವರ್ಸಿಟಿ ಇದ್ದಲ್ಲೇ ಇರುತ್ತಿತ್ತು.

ದಾರಿ ಹುಡುಕಿದ್ದು ರಕ್ಷಿತಾ. "ಅಮ್ಮಾ, ಲಿಸನ್. ಇಫ್ ದ ಸ್ಕೂಲ್ ಕ್ಲೋಸಸ್ ಆನ್ ಯು, ದೇ ಕ್ಯಾನ್ ಕ್ಯಾನ್ಸಲ್ ದ ಲೋನ್." ಓದುತ್ತಿರುವಾಗಲೇ ಕಾಲೇಜು ಮುಚ್ಚಿದರೆ ಸರ್ಕಾರಿ ಸಾಲ ಮನ್ನಾ ಆಗಬಹುದಂತೆ! ನಾನು ಸಾಲದ ಆಫೀಸಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಆ ಕಡೆಯ ಮನುಷ್ಯ ಒಳ್ಳೆಯವನು, ನಿಧಾನವಾಗಿ ಕೇಳುತ್ತಾ ಹೋದ. ಕೊನೆಯ ಪ್ರಶ್ನೆ ಬಂತು.

"ಅಲ್ಲಿನ ಕ್ರೆಡಿಟ್ಟುಗಳನ್ನ ಬೇರೆ ಕಡೆಗೆ ತಗೊಂಡು ಹೋಗಿ ಅದೇ ಓದನ್ನ ಮುಂದುವರಿಸ್ತಿದೀರಾ? ಹಾಗಿದ್ರೆ ಮನ್ನಾ ಕಷ್ಟ ಆಗಬಹುದು."

ನಮ್ಮವರು ಫೋನಿನ ಹತ್ತಿರಕ್ಕೆ ಬಗ್ಗಿದರು.

"ಮೂರೇ ಮೂರು ಇದ್ರೆ?" ಎಂದು ನಮ್ಮವರು ಪಿಸುಗುಟ್ಟಿದರು.

"ಎಷ್ಟು ಅನ್ನೋದಲ್ಲ ಸರ್. ಇದ್ರೆ ಆ ಪ್ರಶ್ನೆ ಏಳುತ್ತೆ."

ನಾಲ್ಕು ತಿಂಗಳು ಕ್ರೆಡಿಟ್ಟಿಗಾಗಿ ಗೋಗರೆದಿದ್ದ ನನ್ನ ಗಂಡ ಮರುದಿನ ಬೆಳಗ್ಗೆ ಅದೇ ಕೌಂಟರಿನ ಮುಂದೆ ಕೈಮುಗಿದು ನಿಂತರು. "ಮೇಡಮ್, ಆ ಮೂರೂ ವಾಪಸ್ ತಗೊಳ್ಳಿ."

ಮಿಸ್ ವಿಟ್‌ಫೀಲ್ಡ್ ಪೆನ್ನು ಕೆಳಗಿಟ್ಟರು. "ಈ ಕುರ್ಚಿಯಲ್ಲಿ ಇಪ್ಪತ್ತಾರು ವರ್ಷ ಕೂತಿದೀನಿ. ಕ್ರೆಡಿಟ್ ಕೊಡಿ ಅಂತ ಅತ್ತವರನ್ನ ನೋಡಿದೀನಿ. ತಗೊಳ್ಳಿ ಅಂತ ಅಳೋರು ನೀವೇ ಮೊದಲು. ಕಾರಣ ಏನು ಅಂತ ಬರೀಲಿ?"

"ನಡಿಗಿ ಸರಿ ಇರಲಿಲ್ಲ ಅಂತ ಹೇಳೋ," ಎಂದು ಭಾವ ಹಿಂದಿನಿಂದ ಹೇಳಿಕೊಟ್ಟರು.

ನಮ್ಮವರು ಹಣೆ ಒರೆಸಿಕೊಂಡರು. ಪಾಪ, ಅವರಿಗೆ ಸತ್ಯ ಹೇಳಿ ಅಭ್ಯಾಸವಿಲ್ಲ, ಎಷ್ಟು ಹೇಳಬೇಕೆಂದು ತಿಳಿಯಲಿಲ್ಲ. "ಆಕ್ಚುಯಲಿ ಮೇಡಮ್, ಅವಳಿಗೆ ಟೈಮ್ ಇರ್ಲಿಲ್ಲ. ರಾತ್ರಿ ಅವಳು ಬಿಚ್ಚಿಟ್ಟ ಮೇಲೆ ಆ ಯಂತ್ರ ಕಟ್ಕೊಂಡು ಕೋರ್ಸಿನ ಅರ್ಧ ದಿನಗಳು ನಾನೇ ನಡೆದಿದೀನಿ. ಇನ್ನರ್ಧ ದಿನ ಪಕ್ಕದ ಮನೆ ನಾಯಿಗೆ ಕಟ್ಟಿ ಕಳಿಸ್ತಿದ್ದೆ."

"ಏನಂದ್ರಿ?" ಎಂದೆ ನಾನು.

"ಸರ್," ಎಂದರು ಮಿಸ್ ವಿಟ್‌ಫೀಲ್ಡ್, "ನೀವು ಇದನ್ನ ನನಗೆ ಹೇಳಲಿಲ್ಲ. ನಾನೂ ಕೇಳಿಸ್ಕೊಳ್ಳಲಿಲ್ಲ."

ಎರಡನೇ ಸೆಮಿಸ್ಟರಿನಲ್ಲಿ ನಾನು ದಿನಾ ಬೆಳಗ್ಗೆ ಯಂತ್ರದಲ್ಲಿ ಹನ್ನೊಂದು ಸಾವಿರ ನೋಡಿ, 'ಪರವಾಗಿಲ್ಲ, ಮನೆಗೆಲಸದಲ್ಲೇ ಇಷ್ಟೊಂದು ನಡೀತೀನಲ್ಲ' ಎಂದು ಹೆಮ್ಮೆಪಟ್ಟಿದ್ದೆ. ಮೂವತ್ತೆಂಟು ಸಾವಿರ ಡಾಲರಿಗೆ ದಕ್ಕಿದ್ದು ಮೂರು ಕ್ರೆಡಿಟ್ಟು; ಅದರಲ್ಲೂ ಒಂದೂವರೆ ಕಲಾವತಿಯ ನಾಯಿಯದ್ದು.

ನಾನು ಎದ್ದು ನಮ್ಮವರ ಕೈಯಿಂದ ಫೈಲು ತೆಗೆದುಕೊಂಡು ಅದನ್ನು ಭಾವನ ತೊಡೆಯ ಮೇಲಿಟ್ಟೆ.

"ಮೇಡಮ್, ನನ್ನ ಸೀಟನ್ನೇ ರದ್ದು ಮಾಡಿ. ನಾನು ಮೊದಲಿಂದ ಶುರು ಮಾಡ್ತೀನಿ."

ಆಕೆ ನನ್ನ ಮುಖ ನೋಡಿದರು. "ಸೀಟು ರದ್ದಾದ್ರೆ ಆ ಮೂರೂ ತಾನಾಗಿ ಹೋಗ್ತವೆ. ಕಮ್ಯುನಿಟಿ ಕಾಲೇಜಿಗೆ ಹೋಗಿ. ಕ್ರೆಡಿಟ್ಟಿಗೆ ನಲವತ್ತಾರು ಡಾಲರ್. ಯಾವ್ಯಾವ ವಿಷಯ ಇಲ್ಲಿಗೆ ಬರುತ್ತೆ ಅಂತ ಅಲ್ಲಿ ಮೊದಲೇ ಪಟ್ಟಿ ಇದೆ. ಪಟ್ಟಿ ನೋಡ್ಕೊಂಡು ಅರವತ್ತು ಮಾಡಿ, ಅರವತ್ತೂ ತಗೋತೀವಿ."

"ನಲವತ್ತಾರು!" ಭಾವ ಕುರ್ಚಿಯಿಂದ ಎದ್ದೇ ಬಿಟ್ಟರು. "ಕ್ಯಾರೆಕ್ಟರ್ ಸರ್ಟಿಫಿಕೇಟ್‌ಕಿಂತ ಅಗ್ಗ ಆತಲ್ಲೋ ಚಂದ್ರಾ!"

ಅಂದೇ ಕಮ್ಯುನಿಟಿ ಕಾಲೇಜಿಗೆ, ಅಂದರೆ ಡಿಗ್ರಿಯ ಮೊದಲೆರಡು ವರ್ಷ ಮಾತ್ರ ಕಲಿಸುವ ಸರ್ಕಾರಿ ಕಾಲೇಜಿಗೆ, ಹೋದೆವು. ಅವರಿಬ್ಬರನ್ನೂ ಕಾರಿನಲ್ಲೇ ಕೂರಿಸಿ, ಕಿಟಕಿ ಸ್ವಲ್ಪ ಇಳಿಸಿ, ಒಳಗೆ ಹೋದೆ. ಫಾರಮ್ ನಾನೇ ತುಂಬಿದೆ. ಹದಿನೆಂಟು ನಿಮಿಷ ಹಿಡಿಯಿತು. ಕೌಂಟರಿನ ಹುಡುಗಿ, "ಹಿಂದಿನ ಕ್ರೆಡಿಟ್ ಏನಾದ್ರೂ ತರ್ತಿದೀರಾ?" ಎಂದಳು.

"ಒಂದೂ ಇಲ್ಲ," ಎಂದೆ. ಅಷ್ಟು ಜೋರಾಗಿ ಹೇಳುವ ಅಗತ್ಯವಿರಲಿಲ್ಲ. ಸಾಲಿನಲ್ಲಿದ್ದ ಇಬ್ಬರು ತಿರುಗಿ ನೋಡಿದರು.

ಡಿಸೆಂಬರಿನಲ್ಲಿ ಭಾವ ಊರಿಗೆ ಹೋದರು. ಜನವರಿಯಲ್ಲಿ ಕ್ಲಾಸು ಶುರುವಾಯಿತು. ಮಾರ್ಚಿನಲ್ಲಿ ಸಾಲದ ಆಫೀಸಿನಿಂದ ಪತ್ರ ಬಂತು, ಬಾಕಿ ಸೊನ್ನೆ ಎಂದು. ನಮ್ಮವರು ಅದನ್ನು ವಾಟ್ಸಾಪಿಗೆ ಹಾಕಲು ಫೋಟೋ ತೆಗೆದರು. ನಾನು ನೋಡಿದೆ. ಅಳಿಸಿದರು.

ಅದೇ ವಾರ ಮಕ್ಕಳ ಬೆಳವಣಿಗೆಯ ವಿಷಯದಲ್ಲಿ ನನ್ನ ಮೊದಲ ಪರೀಕ್ಷೆಯ ಉತ್ತರ ವಾಪಸು ಬಂತು. ಗೋಲ್ಡನ್ ಹಾರ್ಬರಿನಲ್ಲಿ ಎ ಬಿಟ್ಟು ಬೇರೆ ಅಕ್ಷರ ಕಂಡವಳಲ್ಲ ನಾನು. ಇದರ ಮೇಲೆ ಬಿ ಮೈನಸ್ ಇತ್ತು. ನಾಲ್ಕೂ ಪುಟದ ತುಂಬ ಕೆಂಪು ಶಾಯಿ. 'ಇದು ಯಾಕೆ?' 'ಉದಾಹರಣೆ ಎಲ್ಲಿ?' 'ಇದು ಒಳ್ಳೆಯ ಮಾತು, ಇನ್ನಷ್ಟು ಬರೆಯಿರಿ.' 'ನಿಮ್ಮ ಕ್ಲಾಸಿನ ಆ ಹುಡುಗನಿಗೆ ಆಮೇಲೆ ಏನಾಯಿತು?'

ನಮ್ಮವರು ಬಗ್ಗಿ ನೋಡಿ ಗಾಬರಿಯಾದರು. "ಬಿ ಮೈನಸ್ಸಾ! ಏನಿದ್ ಇಷ್ಟೊಂದ್ ಕೆಂಪು! ನಾನ್ ಬಂದು ಆ ಪ್ರೊಫೆಸರ್ ಹತ್ರ ಮಾತಾಡ್ಲಾ?"

"ಕೂತ್ಕೊಳ್ರೀ," ಎಂದೆ. "ಯಾರೋ ಇದನ್ನ ಓದಿದಾರೆ."